ತಂತಿ ಇಲ್ಲಿಯದು, ಒಡೆಯ ಎಲ್ಲಿಯ ಸರ್ಕಾರ?

2018ರ ಜುಲೈ 11ರಂದು ಕೆನಡಾದ ಟೊರಾಂಟೊದಲ್ಲಿ ಹೈಡ್ರೊ ಒನ್ ಎಂಬ ವಿದ್ಯುತ್ ಕಂಪನಿಯ ಮುಖ್ಯಸ್ಥ ಮೇಯೊ ಶ್ಮಿಟ್ ನಿವೃತ್ತರಾದರೆಂಬ ಪ್ರಕಟಣೆ ಹೊರಬಿತ್ತು. ಅದರ ಜೊತೆಗೆ ಇಡೀ ನಿರ್ದೇಶಕ ಮಂಡಳಿಯೂ ಜಾಗ ಖಾಲಿ ಮಾಡಲು ಒಪ್ಪಿತು. ನಿವೃತ್ತಿ ಎಂಬುದು ಮರ್ಯಾದೆಗೆ ಆಡಿದ ಮಾತು. ಒಂದು ತಿಂಗಳ ಹಿಂದಷ್ಟೇ ಒಂಟಾರಿಯೊ ಪ್ರಾಂತ್ಯದ ಚುನಾವಣೆ ಮುಗಿದಿತ್ತು. ಶ್ಮಿಟ್ ಅವರನ್ನು ಮನೆಗೆ ಕಳುಹಿಸುತ್ತೇನೆ ಎಂದು ಪ್ರಚಾರದುದ್ದಕ್ಕೂ ಸಾರಿದ್ದ ಡಗ್ ಫೋರ್ಡ್ ಗೆದ್ದು ಪ್ರಾಂತ್ಯದ ಮುಖ್ಯಸ್ಥರಾಗಿದ್ದರು. 2017ರಲ್ಲಿ ಶ್ಮಿಟ್ ಪಡೆದ ಸಂಭಾವನೆ 62 ಲಕ್ಷ ಕೆನಡಿಯನ್ ಡಾಲರ್. ಏರುತ್ತಲೇ ಇದ್ದ ಕರೆಂಟ್ ಬಿಲ್‌ನಿಂದ ರೋಸಿಹೋಗಿದ್ದ ಮತದಾರರಿಗೆ ಆ ಅಂಕಿಯೊಂದೇ ಸಾಕಾಗಿತ್ತು.

ಇದು ಒಂಟಾರಿಯೊದವರ ಮನೆಜಗಳ. ಆದರೆ ಇದರ ಬಿಸಿ ತಟ್ಟಿದ್ದು ಸುಮಾರು ಮೂರು ಸಾವಿರ ಕಿಲೊಮೀಟರ್ ಆಚೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರಕ್ಕೆ. ಅಲ್ಲಿನ ಅವಿಸ್ಟಾ ಕಂಪನಿಯನ್ನು ಸಾಲವೂ ಸೇರಿದಂತೆ 530 ಕೋಟಿ ಅಮೆರಿಕನ್ ಡಾಲರ್‌ಗೆ ಕೊಳ್ಳಲು ಹೈಡ್ರೊ ಒನ್ ಅದರ ಹಿಂದಿನ ವರ್ಷದ ಜುಲೈನಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಅವಿಸ್ಟಾ 1889ರಲ್ಲಿ ವಾಷಿಂಗ್ಟನ್ ವಾಟರ್ ಪವರ್ ಎಂಬ ಹೆಸರಿನಲ್ಲಿ ಹುಟ್ಟಿದ ಹಳೆಯ ಸಂಸ್ಥೆ. ಪೂರ್ವ ವಾಷಿಂಗ್ಟನ್ನಿಗೂ ಉತ್ತರ ಐಡಾಹೊಗೂ ವಿದ್ಯುತ್ ಕೊಡುತ್ತದೆ. ಒರೆಗಾನ್‌ನಲ್ಲಿ ಅನಿಲ ಪೂರೈಸುತ್ತದೆ, ಅಲಾಸ್ಕದ ಜೂನೊ ಪಟ್ಟಣದಲ್ಲಿ ಅಂಗಸಂಸ್ಥೆಯಿದೆ, ಮೊಂಟಾನಾದಲ್ಲಿ ಅಣೆಕಟ್ಟಿದೆ. ಹೀಗಾಗಿ ಈ ಖರೀದಿಗೆ ಐದು ರಾಜ್ಯಗಳ ನಿಯಂತ್ರಣ ಆಯೋಗಗಳು ಒಪ್ಪಬೇಕಿತ್ತು. (ಒಂದು ತಮಾಷೆಯನ್ನು ಇಲ್ಲಿಯೇ ಹೇಳಿಬಿಡಬಹುದು. ಒಂಟಾರಿಯೊ ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು 2014ರಲ್ಲಿಯೇ ಮುಚ್ಚಿ ಬೀಗಿತ್ತು. ಅವಿಸ್ಟಾ ಕೈಗೆ ಬಂದಿದ್ದರೆ ಅದರ ಜೊತೆ ಮೊಂಟಾನಾದ ಕೋಲ್‌ಸ್ಟ್ರಿಪ್ ಕಲ್ಲಿದ್ದಲು ಸ್ಥಾವರದ ಪಾಲೂ ಬರುತ್ತಿತ್ತು.)

ಹೈಡ್ರೊ ಒನ್ ಹೆಸರಿಗೆ ಷೇರು ಮಾರುಕಟ್ಟೆಯ ಕಂಪನಿ. 1906ರಲ್ಲಿ ಆಡಂ ಬೆಕ್ ಮುಂದಾಳುತನದಲ್ಲಿ ಆರಂಭವಾದ ಸರ್ಕಾರಿ ವಿದ್ಯುತ್ ಆಯೋಗವೇ ಅದರ ಮೂಲ. 2015ರಲ್ಲಿ ಅಂದಿನ ಸರ್ಕಾರ ರಸ್ತೆ, ರೈಲುಗಳಿಗೆ ಹಣ ಹೊಂದಿಸಲು ಅದರ ಷೇರುಗಳನ್ನು ಸಾರ್ವಜನಿಕರಿಗೆ ಮಾರತೊಡಗಿತು. 2018ರ ಹೊತ್ತಿಗೆ ಪ್ರಾಂತ್ಯದ ಕೈಯಲ್ಲಿ ಉಳಿದಿದ್ದದ್ದು ಸುಮಾರು ಶೇ 47. ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಇದು ಸರ್ಕಾರಿ ಕಂಪನಿಯಲ್ಲ, ಆಡಳಿತದಲ್ಲಿ ಸರ್ಕಾರ ಕೈಹಾಕುವುದಿಲ್ಲ ಎಂದು ಹೈಡ್ರೊ ಒನ್ ವಕೀಲರು ಅಮೆರಿಕದ ಆಯೋಗಗಳ ಮುಂದೆ ಹೇಳಿಕೊಂಡು ಬಂದಿದ್ದರು. ಬೇರೆ ಯಾರೂ ಶೇ 10ಕ್ಕಿಂತ ಹೆಚ್ಚು ಷೇರು ಇಟ್ಟುಕೊಳ್ಳುವಂತಿಲ್ಲ ಎಂದು ಒಂಟಾರಿಯೊ ಕಾನೂನು ಹೇಳುತ್ತದೆ. ಎಲ್ಲರೂ ಚಿಲ್ಲರೆ ಪಾಲುದಾರರಾದ ಕಡೆ ಶೇ 47 ಎಂದರೆ ಯಜಮಾನಿಕೆಯೇ. ಜುಲೈ 11ರಂದು ಜಗತ್ತಿಗೆ ಗೊತ್ತಾದದ್ದು ಇಷ್ಟೇ.

ಅಲ್ಲಿಗೂ ನಿಲ್ಲಲಿಲ್ಲ. ಎರಡು ವಾರದೊಳಗೆ ಪ್ರಾಂತ್ಯದ ಶಾಸನಸಭೆ ಹೈಡ್ರೊ ಒನ್ ಅಧಿಕಾರಿಗಳ ಸಂಬಳಕ್ಕೆ ಸರ್ಕಾರದ ಒಪ್ಪಿಗೆ ಬೇಕೆಂಬ ಕಾನೂನು ಮಾಡಿತು. ಮರುವರ್ಷ ಮುಖ್ಯಸ್ಥರ ಸಂಭಾವನೆಗೆ 15 ಲಕ್ಷ ಡಾಲರಿನ ಮಿತಿ ಬಿತ್ತು. ಒಂಟಾರಿಯೊ ಮತದಾರನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ತಪ್ಪೇನೂ ಇಲ್ಲ. ತನ್ನ ತೆರಿಗೆ ಹಣದಲ್ಲಿ ಬೆಳೆದ ಕಂಪನಿ, ತಾನು ಆರಿಸಿದ ಸರ್ಕಾರ, ತನಗೆ ಕೊಟ್ಟ ಮಾತು. ಆದರೆ ಸ್ಪೋಕೇನ್‌ನ ಗೃಹಿಣಿಯೋ ಐಡಾಹೊದ ರೈತನೋ ಆ ಚುನಾವಣೆಯಲ್ಲಿ ಮತ ಹಾಕಿರಲಿಲ್ಲ. ಹಾಕುವಂತೆಯೂ ಇರಲಿಲ್ಲ. ಅವರ ಬಿಲ್ಲಿನ ದುಡ್ಡು ಸೇರುವ ಕಂಪನಿಯ ಮೇಲುಸ್ತುವಾರಿ ಮಾತ್ರ ಆ ಚುನಾವಣೆಯ ಗಾಳಿಗೆ ತೂಗಾಡಲಿತ್ತು.

ವಾಷಿಂಗ್ಟನ್ ರಾಜ್ಯದ ಆಯೋಗ 2018ರ ಡಿಸೆಂಬರ್ 5ರಂದು ಖರೀದಿಯನ್ನು ತಿರಸ್ಕರಿಸಿತು. ಆ ರಾಜ್ಯದ ಕಾನೂನಿನ ಪ್ರಕಾರ ಇಂಥ ಖರೀದಿಯಿಂದ ಗ್ರಾಹಕರಿಗೆ ತೊಂದರೆ ಆಗದಿದ್ದರೆ ಸಾಲದು, ನಿವ್ವಳ ಲಾಭವೇ ಆಗಬೇಕು. ಬಿಲ್‌ನಲ್ಲಿ ರಿಯಾಯಿತಿ, ಅವಿಸ್ಟಾಗೆ ಪ್ರತ್ಯೇಕ ಮಂಡಳಿ, ಮಾತೃಸಂಸ್ಥೆ ಮುಳುಗಿದರೂ ಅವಿಸ್ಟಾದ ಆಸ್ತಿ ಉಳಿಯುವಂತೆ ಬೇಲಿ, ಹೀಗೆ ಹತ್ತಾರು ಷರತ್ತುಗಳಿಗೆ ಎರಡೂ ಕಂಪನಿಗಳು ಒಪ್ಪಿದ್ದವು. ರಾಜಕೀಯ ಹಸ್ತಕ್ಷೇಪದ ಅಪಾಯಕ್ಕೆ ಆ ಬೇಲಿ ಸಾಲದು ಎಂಬುದು ಆಯೋಗದ ತೀರ್ಮಾನ. 2019ರ ಜನವರಿ 3ರಂದು ಐಡಾಹೊ ಕೂಡ ಇಲ್ಲ ಎಂದಿತು. ಅಲಾಸ್ಕ, ಮೊಂಟಾನಾ ಅದಾಗಲೇ ಒಪ್ಪಿದ್ದವು. ವಿದೇಶಿ ಹೂಡಿಕೆ ಪರಿಶೀಲಿಸುವ ಕೇಂದ್ರ ಸಮಿತಿಯೂ ಇಂಧನ ನಿಯಂತ್ರಣ ಆಯೋಗವೂ ಹಸಿರು ನಿಶಾನೆ ತೋರಿದ್ದವು. ಪ್ರಯೋಜನವಾಗಲಿಲ್ಲ. ಆ ತಿಂಗಳ ಕೊನೆಯ ವಾರದ ಹೊತ್ತಿಗೆ ಒಪ್ಪಂದ ಮುರಿದು, ಹೈಡ್ರೊ ಒನ್ 10.3 ಕೋಟಿ ಅಮೆರಿಕನ್ ಡಾಲರ್ ದಂಡ ಕಟ್ಟಿ ಕೈತೊಳೆದುಕೊಂಡಿತು. ಒಬ್ಬ ಅಧಿಕಾರಿಯ ಸಂಬಳ ಉಳಿಸಲು ಹೊರಟವರಿಗೆ ತಗುಲಿದ ಖರ್ಚು ಇದು.

ಈ ಕಥೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಐಡಾಹೊ. ಏಕೆಂದರೆ ಅಲ್ಲಿ ಇದಕ್ಕೆಂದೇ ಒಂದು ಕಾನೂನು 1951ರಿಂದಲೂ ಇದೆ. ಐಡಾಹೊ ಸಂಹಿತೆಯ 61ನೇ ಭಾಗದ 327ನೇ ಕಲಂ ಸಾರಾಂಶದಲ್ಲಿ ಹೇಳುವುದು ಹೀಗೆ: ರಾಜ್ಯದೊಳಗೆ ಸಾರ್ವಜನಿಕರಿಗೆ ವಿದ್ಯುತ್ ಉತ್ಪಾದಿಸುವ, ಸಾಗಿಸುವ, ಹಂಚುವ ಯಾವುದೇ ಕಂಪನಿಯ ಆಸ್ತಿಯನ್ನು ಬೇರೆ ರಾಜ್ಯದ ಕಾನೂನಿನಡಿ ಇರುವ ಸರ್ಕಾರಕ್ಕಾಗಲಿ, ನಗರಸಭೆಗಾಗಲಿ, ಅಂಥ ಇನ್ನಾವುದೇ ಸರ್ಕಾರಿ ಘಟಕಕ್ಕಾಗಲಿ ವರ್ಗಾಯಿಸುವಂತಿಲ್ಲ. ನೇರವಾಗಿಯೂ ಇಲ್ಲ, ಬೇನಾಮಿಯಾಗಿಯೂ ಇಲ್ಲ. ಅಂಥ ಸರ್ಕಾರದ ಪರವಾಗಿ ವರ್ತಿಸುವ ಟ್ರಸ್ಟಿಗೂ ಏಜೆಂಟನಿಗೂ ಇಲ್ಲ. ಬರೆದವರಿಗೆ ತಮ್ಮ ಎದುರಾಳಿ ಯಾರು, ಯಾವ ಯಾವ ಹಿಂಬಾಗಿಲಿನಿಂದ ಬರಬಹುದು ಎಂಬುದೆಲ್ಲ ಚೆನ್ನಾಗಿ ಗೊತ್ತಿತ್ತು ಎಂದು ಓದಿದೊಡನೆ ಹೊಳೆಯುತ್ತದೆ.

ಆ ಎದುರಾಳಿ ಕೆನಡಾ ಅಲ್ಲ, ಚೀನಾ ಅಂತೂ ಅಲ್ಲವೇ ಅಲ್ಲ. ಪಕ್ಕದ ವಾಷಿಂಗ್ಟನ್ ರಾಜ್ಯದ ಜಿಲ್ಲೆಗಳು. 1930ರಲ್ಲಿ ವಾಷಿಂಗ್ಟನ್‌ನ ಮತದಾರರು, ರೈತ ಸಂಘಟನೆಯ ಒತ್ತಾಸೆಯಿಂದ, ಪಿಯುಡಿ ಎಂದು ಕರೆಯುವ ಸಾರ್ವಜನಿಕ ವಿದ್ಯುತ್ ಜಿಲ್ಲೆಗಳನ್ನು ರಚಿಸಲು ಅನುಮತಿ ಕೊಟ್ಟರು. ಜನರೇ ಆಯುಕ್ತರನ್ನು ಚುನಾಯಿಸುತ್ತಾರೆ, ಲಾಭವಿಲ್ಲದೆ ವಿದ್ಯುತ್ ಹಂಚುತ್ತಾರೆ. ಖಾಸಗಿ ಕಂಪನಿಗಳ ಪಾಲಿಗೆ ಇದು ಸಿಂಹಸ್ವಪ್ನ. ವಾಷಿಂಗ್ಟನ್ ವಾಟರ್ ಪವರ್ ಆಗ ಅಮೆರಿಕನ್ ಪವರ್ ಅಂಡ್ ಲೈಟ್ ಎಂಬ ಹಿಡುವಳಿ ಕಂಪನಿಯ, ಅಂದರೆ ಬೇರೆ ಕಂಪನಿಗಳ ಷೇರು ಹಿಡಿದು ಅವನ್ನು ಆಳುವ ಕಂಪನಿಯ, ಕೈಯಲ್ಲಿತ್ತು. ವಿದ್ಯುತ್ ಕ್ಷೇತ್ರದಲ್ಲಿ ಹೀಗೆ ಕಂಪನಿಯ ಮೇಲೆ ಕಂಪನಿ ಪೇರಿಸಿದ ಪಿರಮಿಡ್ಡುಗಳನ್ನು ಒಡೆಯಲು ಬಂದ 1935ರ ಕೇಂದ್ರ ಕಾನೂನು ಆ ಹಿಡುವಳಿಯನ್ನು ಬಿಡಿಸಲೇಬೇಕಾದ ಸ್ಥಿತಿಗೆ ತಂದಾಗ, ವಾಷಿಂಗ್ಟನ್‌ನ ಕೆಲವು ಪಿಯುಡಿಗಳು ಇಡೀ ಕಂಪನಿಯನ್ನೇ ಕೊಳ್ಳಲು ಮುಂದಾದವು.

ಕಂಪನಿ ಸ್ಪೋಕೇನ್‌ನದಾದರೂ ಅದರ ತಂತಿಗಳು ಗಡಿ ದಾಟಿ ಐಡಾಹೊಗೆ ಹೋಗಿ ಅರ್ಧ ಶತಮಾನವಾಗಿತ್ತು. 1903ರಲ್ಲಿಯೇ ಬರ್ಕ್ ಸುತ್ತಲಿನ ಬೆಳ್ಳಿ ಗಣಿಗಳಿಗೆ ಸ್ಪೋಕೇನ್ ನದಿಯ ವಿದ್ಯುತ್ ಹರಿದಿತ್ತು. (ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಬಂದದ್ದು ಅದರ ಹಿಂದಿನ ವರ್ಷ. ಆ ಕಾಲದಲ್ಲಿ ದೂರದ ತಂತಿ ಎಳೆಸುವ ಶಕ್ತಿ ಗಣಿಗಳಿಗೇ ಇತ್ತು.) 1951ರಲ್ಲಿ ಐಡಾಹೊ ನೆಲದಲ್ಲಿ, ಕ್ಲಾರ್ಕ್ ಫೋರ್ಕ್ ನದಿಗೆ ಕ್ಯಾಬಿನೆಟ್ ಗಾರ್ಜ್ ಅಣೆಕಟ್ಟನ್ನು ಇದೇ ಕಂಪನಿ ಕಟ್ಟುತ್ತಿತ್ತು. ಸಾರ್ವಜನಿಕ ಒಡೆತನ ಒಳ್ಳೆಯದೇ ಇರಬಹುದು, ಆದರೆ ಯಾವ ಸಾರ್ವಜನಿಕರು ಎಂಬುದು ಐಡಾಹೊದ ಪ್ರಶ್ನೆ. ಕೋರ್ ಡಲೇನ್‌ನಂಥ ಊರುಗಳ ಜನರ ದರವನ್ನು ಅವರು ಚುನಾಯಿಸದ ನೆರೆರಾಜ್ಯದ ಆಯುಕ್ತರು ನಿಗದಿ ಮಾಡುವುದು ಯಾವ ನ್ಯಾಯ? ಅದೇ ವರ್ಷ ಶಾಸನಸಭೆ ಈ ಬಾಗಿಲನ್ನು ಮುಚ್ಚಿತು. ಖಾಸಗಿ ಕಂಪನಿಗಳಿಗೆ ಇದರಿಂದ ಅನುಕೂಲವಾಯಿತು ಎಂಬುದೂ ನಿಜ. ಸಾರ್ವಜನಿಕ ವಿದ್ಯುತ್ತಿನ ಚಳವಳಿಗೆ ಗಡಿಯಲ್ಲಿ ತಡೆ ಹಾಕಲು ಪ್ರಜಾಪ್ರಭುತ್ವದ ಮಾತು ಒಳ್ಳೆಯ ನೆಪವೂ ಆಗಿತ್ತು. ಆದರೆ ನೆಪದೊಳಗೆ ಸತ್ಯವಿರಬಾರದು ಎಂದೇನಿಲ್ಲ.

ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಿದ್ಯುತ್ ತಂತಿ ಒಂದು ಏಕಸ್ವಾಮ್ಯ. ಒಂದು ಬೀದಿಗೆ ಎರಡು ಕಂಪನಿಗಳ ಕಂಬ ನೆಡುವುದಿಲ್ಲ, ಒಂದೇ ದಾರಿಗೆ ನಾಲ್ಕು ಸಾಲು ಟವರ್ ಹಾಕುವುದಿಲ್ಲ. ಆದ್ದರಿಂದ ಒಡೆಯನನ್ನು ಯಾರಾದರೂ ಹದ್ದುಬಸ್ತಿನಲ್ಲಿ ಇಡಬೇಕು. ಅಮೆರಿಕದಲ್ಲಿ ಇದಕ್ಕೆ ಎರಡು ದಾರಿಗಳಿವೆ. ಒಡೆಯ ಖಾಸಗಿಯವನಾದರೆ ರಾಜ್ಯದ ಆಯೋಗ ದರ ನಿಗದಿ ಮಾಡುತ್ತದೆ, ಅಹವಾಲು ಕೇಳುತ್ತದೆ, ಲೆಕ್ಕಪತ್ರ ತಿರುವಿ ಹಾಕುತ್ತದೆ. ಒಡೆಯ ನಗರಸಭೆಯೋ ಪಿಯುಡಿಯೋ ಆಗಿದ್ದರೆ ಸಾಮಾನ್ಯವಾಗಿ ಆಯೋಗಕ್ಕೆ ಕೆಲಸವಿಲ್ಲ. ಗ್ರಾಹಕನೇ ಮತದಾರ, ಸಿಟ್ಟು ಬಂದರೆ ಮುಂದಿನ ಚುನಾವಣೆಯಲ್ಲಿ ತೀರಿಸಿಕೊಳ್ಳುತ್ತಾನೆ ಎಂಬ ನಂಬಿಕೆ. ರಾಜ್ಯಗಳನ್ನೂ ಅವುಗಳ ಸ್ಥಳೀಯ ಸಂಸ್ಥೆಗಳನ್ನೂ ಕೇಂದ್ರದ ದರ ನಿಯಂತ್ರಣದಿಂದ ಹೊರಗಿಟ್ಟಿರುವ ಫೆಡರಲ್ ಪವರ್ ಕಾಯ್ದೆಯ 201(ಎಫ್) ಕಲಮಿನ ಹಿಂದೆಯೂ ಇರುವುದು ಇಂಥದೇ ವಿಶ್ವಾಸ.

ಈಗ ಅದೇ ಸರ್ಕಾರಿ ಸಂಸ್ಥೆಯ ತಂತಿಯನ್ನು ಗಡಿಯಾಚೆಗೆ ಎಳೆಯಿರಿ. ಆಚೆಯ ಗ್ರಾಹಕನಿಗೆ ಮತವಿಲ್ಲ. ಸರ್ಕಾರಿ ಸಂಸ್ಥೆಯೆಂಬ ಕಾರಣಕ್ಕೆ ಆಯೋಗದ ಲಗಾಮೂ ಸಡಿಲ. ಎರಡೂ ಕಡೆಯಿಂದ ಅವನು ಅನಾಥ. ಕೋರ್ಟಿಗೆ ಹೋಗೋಣವೆಂದರೆ ಅಲ್ಲಿಯೂ ತೊಡಕಿದೆ. ಒಂದು ರಾಜ್ಯವನ್ನು ಅದರ ಒಪ್ಪಿಗೆಯಿಲ್ಲದೆ ಇನ್ನೊಂದು ರಾಜ್ಯದ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ತೆರಿಗೆ ಮಂಡಳಿಗೂ ಹಯಾಟ್ ಎಂಬುವರಿಗೂ ನಡೆದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಜಿಲ್ಲೆ, ನಗರಸಭೆಗಳಿಗೆ ಆ ರಕ್ಷಣೆ ಸಿಗುವುದಿಲ್ಲವಾದರೂ ರಾಜ್ಯ ಸರ್ಕಾರವೇ ಒಡೆಯನಾದರೆ ಸಿಗುತ್ತದೆ. ವಿದೇಶಿ ಸರ್ಕಾರ ವ್ಯಾಪಾರಕ್ಕಿಳಿದರೆ ಅದರ ಮೇಲೆ ದಾವೆ ಹೂಡಲು 1976ರ ಕಾನೂನಿನಲ್ಲಿ ಅವಕಾಶವಿದೆ. ಅಂದರೆ ಐಡಾಹೊದ ನ್ಯಾಯಾಲಯದಲ್ಲಿ ನೆರೆಯ ರಾಜ್ಯಕ್ಕಿಂತ ವಿದೇಶಿ ಸರ್ಕಾರದ ಕಂಪನಿಯನ್ನು ನಿಲ್ಲಿಸುವುದು ಸುಲಭವಾಗಬಹುದು!

ನಮ್ಮ ಕಡೆಯಿಂದ ಊಹಿಸಿಕೊಂಡರೆ ಇದು ಇನ್ನೂ ಬೇಗ ಮನದಟ್ಟಾಗುತ್ತದೆ. ಕರ್ನಾಟಕದಲ್ಲಿ ಪ್ರಸರಣ ಜಾಲ ಕೆಪಿಟಿಸಿಎಲ್‌ನದು, ಹಂಚಿಕೆ ಎಸ್ಕಾಂಗಳದು, ಎರಡೂ ರಾಜ್ಯ ಸರ್ಕಾರದ ಸ್ವತ್ತು. 2023ರಲ್ಲಿ ಗೃಹಜ್ಯೋತಿ ಬಂದದ್ದು ಚುನಾವಣೆಯ ಭರವಸೆಯಾಗಿ. ಸರಿಯೋ ತಪ್ಪೋ, ಕೇಳುವವರೂ ಕೊಡುವವರೂ ಒಂದೇ ರಾಜ್ಯದವರು. ಬೆಸ್ಕಾಂನ ಅರ್ಧದಷ್ಟು ಷೇರು ಚೆನ್ನೈಯಲ್ಲಿದ್ದು, ಅಲ್ಲಿನ ಚುನಾವಣೆ ಮುಗಿದ ಮರುದಿನ ಇಲ್ಲಿನ ವ್ಯವಸ್ಥಾಪಕ ನಿರ್ದೇಶಕರು ಬದಲಾದರೆ ಬೆಂಗಳೂರಿನಲ್ಲಿ ಏನಾದೀತು ಎಂದು ಯೋಚಿಸಿ. ಕಾವೇರಿಯ ಹೆಸರೆತ್ತುವ ಅಗತ್ಯವೂ ಬೀಳುವುದಿಲ್ಲ.

ಹಾಗಾದರೆ ಅವಿಸ್ಟಾ ಪ್ರಕರಣಕ್ಕೆ ಐಡಾಹೊದ ಹಳೆಯ ಕಾನೂನು ಸರಿಯಾಗಿ ಹೊಂದುತ್ತದೆಯೇ? ಪೂರ್ತಿ ಇಲ್ಲ. ಹೈಡ್ರೊ ಒನ್ ಕೈಗೆ ಹೋಗಿದ್ದರೂ ಅವಿಸ್ಟಾ ಐಡಾಹೊದ ಆಯೋಗದ ಅಂಕೆಯಲ್ಲಿಯೇ ಇರುತ್ತಿತ್ತು, ದರ ಏರಿಸಲು ಅದರ ಮುಂದೆಯೇ ನಿಲ್ಲಬೇಕಿತ್ತು. 1951ರ ಕಾನೂನು ಹೇಳುವುದು ‘ಬೇರೆ ಯಾವುದೇ ರಾಜ್ಯ’ ಎಂದು. ಅದನ್ನು ಬರೆದವರ ಕಣ್ಣೆದುರು ಇದ್ದದ್ದು ಕೆನಡಾದ ಪ್ರಾಂತ್ಯವಲ್ಲ. ಆದರೂ ಐಡಾಹೊದಲ್ಲಿ ಖರೀದಿಯ ವಿರೋಧಿಗಳು ಹಿಡಿದ ದೊಡ್ಡ ಅಸ್ತ್ರ ಇದೇ. ನನ್ನ ಮಟ್ಟಿಗೆ ಆಯೋಗಗಳ ನಿರ್ಧಾರ ಸರಿಯಾದದ್ದೇ. ದರ ಕಾಗದದ ಮೇಲೆ ಆಯೋಗದ ಕೈಯಲ್ಲಿದ್ದರೂ ಕಂಪನಿಗೆ ಸಾಲ ಎಷ್ಟು ಬಡ್ಡಿಗೆ ಸಿಗುತ್ತದೆ, ಹೊಸ ಉಪಕೇಂದ್ರಕ್ಕೆ ಬಂಡವಾಳ ಬರುತ್ತದೆಯೇ, ಅನುಭವಿಗಳು ಉಳಿಯುತ್ತಾರೆಯೇ ಎಂಬುದನ್ನು ತೀರ್ಮಾನಿಸುವುದು ಒಡೆಯನ ನಡತೆ. ಸಾಲದ ಬಡ್ಡಿ ಕೊನೆಗೆ ಬಿಲ್ಲಿಗೇ ಬಂದು ಸೇರುತ್ತದೆ.

ಆದರೆ ಇದೇ ತತ್ತ್ವವನ್ನು ಎಲ್ಲ ಕಡೆಯೂ ಪಾಲಿಸಿದ್ದಾರೆಯೇ ಎಂದು ನೋಡಹೊರಟರೆ ಬೇರೆಯೇ ಚಿತ್ರ ಕಾಣುತ್ತದೆ. ಅವಿಸ್ಟಾ ಖರೀದಿಗೆ ಇಲ್ಲ ಎಂದ ಅದೇ ವಾಷಿಂಗ್ಟನ್ ಆಯೋಗ ಅದೇ 2019ರಲ್ಲಿ ಪ್ಯೂಜೆಟ್ ಸೌಂಡ್ ಎನರ್ಜಿಯ ದೊಡ್ಡ ಪಾಲನ್ನು ಪಿಂಚಣಿ ನಿಧಿ ನಿರ್ವಾಹಕರಿಗೆ ಮಾರಲು ಒಪ್ಪಿತು. ಬೆಲ್‌ವ್ಯೂ, ರೆಡ್‌ಮಂಡ್‌ಗಳಲ್ಲಿರುವ ಸಾಫ್ಟ್‌ವೇರ್ ಕನ್ನಡಿಗರ ಮನೆಗಳಿಗೆ ವಿದ್ಯುತ್ ಕೊಡುವುದು ಈ ಕಂಪನಿಯೇ. ಕೊಂಡವರ ಪೈಕಿ ಇದ್ದವರು ಅಲ್ಬರ್ಟ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳು ಕಾನೂನಿನ ಮೂಲಕ ಹುಟ್ಟುಹಾಕಿದ ಹೂಡಿಕೆ ನಿಗಮಗಳು, ಒಂಟಾರಿಯೊದ ಪೌರನೌಕರರ ಪಿಂಚಣಿ ನಿಧಿ ಒಎಂಇಆರ್‌ಎಸ್. ಟೆಕ್ಸಸ್‌ನಲ್ಲಿ ಡಾಲಸ್ ಸುತ್ತಲಿನ ತಂತಿ ಜಾಲದ ಒಡೆಯ ಆಂಕರ್ ಕಂಪನಿ. ಅದರ ಸುಮಾರು ಐದನೇ ಒಂದು ಪಾಲನ್ನು 2008ರಲ್ಲಿಯೇ ಒಎಂಇಆರ್‌ಎಸ್ ಹಾಗೂ ಸಿಂಗಪುರ ಸರ್ಕಾರದ ಹೂಡಿಕೆ ಸಂಸ್ಥೆ ಜಿಐಸಿ ಸೇರಿ ಕೊಂಡಿದ್ದವು.

ಇವರಿಗೇಕೆ ಮಾಫಿ? ಪಿಂಚಣಿ ನಿಧಿಗೆ ಬೇಕಾದದ್ದು ವರ್ಷ ವರ್ಷ ಬರುವ ಆದಾಯ ಮಾತ್ರ, ನಿಧಿಯ ವ್ಯವಸ್ಥಾಪಕರನ್ನು ಓಡಿಸುತ್ತೇನೆಂದು ಯಾರೂ ಚುನಾವಣೆಗೆ ನಿಲ್ಲುವುದಿಲ್ಲ ಎಂಬುದು ಸಿದ್ಧ ಉತ್ತರ. ಬಹುಮಟ್ಟಿಗೆ ಸರಿಯೂ ಹೌದು. ಆದರೆ 2018ರ ಜೂನ್‌ವರೆಗೆ ಹೈಡ್ರೊ ಒನ್ ಬಗ್ಗೆಯೂ ಇದೇ ಮಾತನ್ನು ಹೇಳುತ್ತಿದ್ದರು.

ಇನ್ನೊಂದು ಮಾದರಿ ಲಾಸ್ ಏಂಜಲೀಸ್ ನಗರದ್ದು. ಕೊಲಂಬಿಯಾ ನದಿಯ ಜಲವಿದ್ಯುತ್ತನ್ನು ಒರೆಗಾನ್‌ನ ಸೆಲೈಲೊದಿಂದ ಲಾಸ್ ಏಂಜಲೀಸ್‌ನ ಸಿಲ್ಮಾರ್‌ಗೆ ಒಯ್ಯುವ ನೇರ ಪ್ರವಾಹದ ಮಾರ್ಗ 1970ರಿಂದ ಕೆಲಸ ಮಾಡುತ್ತಿದೆ, ಉದ್ದ ಸುಮಾರು 1,360 ಕಿ.ಮೀ. ಒರೆಗಾನ್ ಗಡಿಯವರೆಗೆ ಅದು ಕೇಂದ್ರ ಸರ್ಕಾರದ ವಿದ್ಯುತ್ ಸಂಸ್ಥೆಯಾದ ಬಾನವಿಲ್‌ನದು. ಅಲ್ಲಿಂದ ಮುಂದೆ ನೆವಾಡದ ಮರುಭೂಮಿಯುದ್ದಕ್ಕೂ ಲಾಸ್ ಏಂಜಲೀಸ್ ನಗರಾಡಳಿತ ಮತ್ತು ಅದರ ಪಾಲುದಾರರದು. ನೇರ ಪ್ರವಾಹವಾದ್ದರಿಂದ ನಡುವೆ ಇಳಿಸಿಕೊಳ್ಳಲು ಆಗುವುದಿಲ್ಲ, ಎರಡೇ ತುದಿ. ನೆವಾಡದ ನೆತ್ತಿಯ ಮೇಲೆ ಹಾದುಹೋಗುವ ಈ ತಂತಿಯಿಂದ ಅಲ್ಲಿನವರಿಗೆ ಒಂದು ದೀಪವೂ ಉರಿಯದು. ಹೊರಗಿನ ಸರ್ಕಾರದ ಒಡೆತನ ಇದಕ್ಕಿಂತ ನಿಚ್ಚಳವಾಗಿ ಇನ್ನೆಲ್ಲಿಯೂ ಕಾಣಿಸದು, ಆದರೂ ದೊಡ್ಡ ರಂಪವಿಲ್ಲ. ಏಕೆಂದರೆ ನೆವಾಡದವರು ಆ ತಂತಿಯ ಗ್ರಾಹಕರಲ್ಲ. ನೆಲ ಹೋಗುತ್ತದೆ, ನೋಟ ಕೆಡುತ್ತದೆ, ಆದರೆ ಬಿಲ್ಲು ಒಡೆಯನ ಮರ್ಜಿಗೆ ಸಿಗುವುದಿಲ್ಲ. ಹಾದುಹೋಗುವ ತಂತಿಗೂ ಮನೆಗೆ ಬರುವ ತಂತಿಗೂ ಒಂದೇ ಕಾನೂನು ಸಲ್ಲದು ಎಂಬುದಕ್ಕೆ ಇಷ್ಟು ಸಾಕು.

ಟೆಕ್ಸಸ್‌ನ ಭಯ ಬೇರೆ ಜಾತಿಯದು. ಚೀನಾದ ಉದ್ಯಮಿ, ಮಾಜಿ ಸೇನಾಧಿಕಾರಿ ಸುನ್ ಗ್ವಾಂಗ್‌ಶಿನ್ ಅವರ ಕಂಪನಿ ವಾಲ್ ವರ್ಡಿ ಜಿಲ್ಲೆಯಲ್ಲಿ ಲಕ್ಷಕ್ಕೂ ಹೆಚ್ಚು ಎಕರೆ ಕೊಂಡು ಪವನ ವಿದ್ಯುತ್ ಸ್ಥಾವರ ಕಟ್ಟಲು ಹೊರಟಿತು. ಹತ್ತಿರದಲ್ಲಿಯೇ ಪೈಲಟ್‌ಗಳಿಗೆ ತರಬೇತಿ ಕೊಡುವ ಲಾಫ್ಲಿನ್ ವಾಯುನೆಲೆ ಇದೆ. ಕೇಂದ್ರದ ಸಮಿತಿ ಅಡ್ಡಿಯಿಲ್ಲ ಎಂದರೂ ರಾಜ್ಯ ಸುಮ್ಮನಾಗಲಿಲ್ಲ. 2021ರ ಜೂನ್‌ನಲ್ಲಿ ಜಾರಿಗೆ ಬಂದ ‘ಲೋನ್ ಸ್ಟಾರ್’ ಮೂಲಸೌಕರ್ಯ ರಕ್ಷಣಾ ಕಾಯ್ದೆಯ ಪ್ರಕಾರ ಚೀನಾ, ಇರಾನ್, ಉತ್ತರ ಕೊರಿಯಾ, ರಷ್ಯಾಗಳ ಸರ್ಕಾರಗಳ ಅಥವಾ ಪ್ರಜೆಗಳ ಹಿಡಿತದಲ್ಲಿರುವ ಕಂಪನಿಗಳಿಗೆ ವಿದ್ಯುತ್ ಜಾಲದಂಥ ಮುಖ್ಯ ಸೌಕರ್ಯಗಳನ್ನು ಮುಟ್ಟಲು, ದೂರದಿಂದ ನಿಯಂತ್ರಿಸಲು ಅವಕಾಶ ಕೊಡುವ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಜಾಲಕ್ಕೆ ಜೋಡಣೆಯೇ ಸಿಗದಿದ್ದ ಮೇಲೆ ಗಾಳಿಯಂತ್ರ ಎಷ್ಟು ತಿರುಗಿದರೇನು?

ಭದ್ರತೆಯ ಆತಂಕವನ್ನು ಹಗುರಾಗಿ ಕಾಣುವಂತಿಲ್ಲ. ಭಾರತವೂ 2020ರಲ್ಲಿ ನೆಲಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮುಂಚಿತ ಅನುಮತಿ ಕಡ್ಡಾಯ ಮಾಡಿತು, ವಿದ್ಯುತ್ ಉಪಕರಣಗಳ ಆಮದಿನ ಮೇಲೂ ಕಣ್ಣಿಟ್ಟಿತು. ಆದರೆ ಟೆಕ್ಸಸ್ ಕಾನೂನು ಹೊರಗಿನ ಸರ್ಕಾರ ಎಂಬ ಸಮಸ್ಯೆಯನ್ನು ದೇಶಗಳ ಪಟ್ಟಿಯಾಗಿ ಬದಲಿಸಿಬಿಟ್ಟಿತು. ಪಟ್ಟಿಯಲ್ಲಿದ್ದರೆ ಖಾಸಗಿಯವನೂ ಬೇಡ, ಇಲ್ಲದಿದ್ದರೆ ಸರ್ಕಾರವೇ ಬಂದರೂ ಸರಿ. ಪ್ರಜೆಯನ್ನೂ ಸರ್ಕಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನಿನ ಬಗ್ಗೆ ನನಗಂತೂ ಸಮಾಧಾನವಿಲ್ಲ.

ಮೇನ್ ರಾಜ್ಯ ಮೂರನೆಯ ದಾರಿ ಹಿಡಿಯಿತು. ಕ್ವಿಬೆಕ್‌ನ ಜಲವಿದ್ಯುತ್ತನ್ನು ಮ್ಯಾಸಚೂಸೆಟ್ಸ್‌ಗೆ ಸಾಗಿಸಲು ಮೇನ್ ಕಾಡಿನ ನಡುವೆ 1,200 ಮೆಗಾವಾಟ್‌ನ ಮಾರ್ಗ ಹಾಕಲು ಹೊರಟಾಗ ಜನ ಬೀದಿಗಿಳಿದರು. ಅಮೆರಿಕದ ನೆಲದ ತಂತಿ ಅವಾಂಗ್ರಿಡ್ ಕಂಪನಿಯದು. ವಿದ್ಯುತ್ ಮಾರುವುದು ಮಾತ್ರ ಕ್ವಿಬೆಕ್ ಸರ್ಕಾರದ ಹೈಡ್ರೊ-ಕ್ವಿಬೆಕ್. 2021ರ ನವೆಂಬರ್‌ನ ಜನಮತಗಣನೆಗೆ ಮುಂಚೆ ಈ ಪರದೇಶಿ ಸರ್ಕಾರಿ ಸಂಸ್ಥೆಯೇ ಕೋಟಿಗಟ್ಟಲೆ ಡಾಲರ್ ಸುರಿದು ಪ್ರಚಾರ ಮಾಡಿತು. ಸುಮಾರು ಶೇ 59 ಮತದಾರರು ಯೋಜನೆ ಬೇಡವೆಂದರು. ಅಷ್ಟರಲ್ಲಿ ಕೆಲಸ ಬಹಳ ಮುಂದುವರಿದಿತ್ತೆಂಬ ವಾದ ನ್ಯಾಯಾಲಯದಲ್ಲಿ ಗೆದ್ದು ಯೋಜನೆ ಉಳಿದುಕೊಂಡಿತು. ಆ ಹಣದ ಹೊಳೆಯನ್ನು ಕಂಡ ಸಿಟ್ಟು ಮಾತ್ರ ಆರಲಿಲ್ಲ. 2023ರ ನವೆಂಬರ್‌ನಲ್ಲಿ ವಿದೇಶಿ ಸರ್ಕಾರದ ಶೇ 5ರಷ್ಟು ಪಾಲಿದ್ದರೂ ಸಾಕು, ಅಂಥ ಸಂಸ್ಥೆ ರಾಜ್ಯದ ಚುನಾವಣೆ, ಜನಮತಗಣನೆಗಳಲ್ಲಿ ಹಣ ಹಾಕುವಂತಿಲ್ಲ ಎಂಬ ಕಾನೂನಿಗೆ ಸುಮಾರು ಶೇ 86 ಜನ ಹೌದೆಂದರು.

ಸ್ವಾರಸ್ಯವೆಂದರೆ, ಮೇನ್‌ನ ಉತ್ತರ ಭಾಗಕ್ಕೆ ವಿದ್ಯುತ್ ಹಂಚುವ ವರ್ಸೆಂಟ್ ಪವರ್ ಇರುವುದೇ ಹೊರಗಿನ ಸರ್ಕಾರದ ಕೈಯಲ್ಲಿ. ಅದರ ಒಡೆಯ ಎನ್‌ಮ್ಯಾಕ್ಸ್, ಎನ್‌ಮ್ಯಾಕ್ಸ್‌ನ ಒಡೆಯ ಕೆನಡಾದ ಕ್ಯಾಲ್ಗರಿ ನಗರಾಡಳಿತ. 2020ರಲ್ಲಿ ಆ ಖರೀದಿಗೆ ಮೇನ್‌ನ ಆಯೋಗ ಒಪ್ಪಿಗೆ ಕೊಟ್ಟಿತ್ತು. ಅಂದರೆ ಒಡೆಯನಾಗಿ ಬರಬಹುದು, ಬಾಯಿ ತೆರೆಯುವಂತಿಲ್ಲ ಎಂಬುದು ಮೇನ್‌ನ ನಿಲುವು. ಇದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು 2024ರಲ್ಲಿ ಕೇಂದ್ರ ನ್ಯಾಯಾಲಯ ಕಾನೂನಿಗೆ ತಡೆಯಾಜ್ಞೆ ಕೊಟ್ಟಿತು, ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಸ್ತಿಯ ಮೇಲೆ ಮಿತಿ ಹಾಕುವುದಕ್ಕಿಂತ ಮಾತಿನ ಮೇಲೆ ಮಿತಿ ಹಾಕುವುದು ಅಮೆರಿಕದಲ್ಲಿ ಬಹಳ ಕಷ್ಟ. ಐಡಾಹೊದವರು 1951ರಲ್ಲಿ ಆಸ್ತಿಗೇ ಕೈಹಾಕಿದ್ದು ಜಾಣತನ ಎನಿಸುವುದು ಇಲ್ಲಿ.

ಹೊರಗಿನ ಸರ್ಕಾರ ದಬ್ಬಾಳಿಕೆ ಮಾಡುತ್ತದೆ ಎಂಬುದೊಂದೇ ಭಯವೂ ಅಲ್ಲ. ದುಡ್ಡು ಬಿಚ್ಚುವುದಿಲ್ಲ ಎಂಬುದೂ ಅಷ್ಟೇ ದೊಡ್ಡ ತೊಂದರೆ. ಜರ್ಮನಿಯ ಉತ್ತರ ಸಮುದ್ರದಿಂದ ಬವೇರಿಯಾವರೆಗಿನ ಪ್ರಸರಣ ಜಾಲವನ್ನು 2010ರಲ್ಲಿ ಕೊಂಡದ್ದು ನೆದರ್‌ಲೆಂಡ್ಸ್ ಸರ್ಕಾರದ ಟೆನೆಟ್. ಜರ್ಮನಿ ಪವನ ವಿದ್ಯುತ್ತಿಗೆ ಹೊರಳಿದಂತೆ ಆ ಜಾಲಕ್ಕೆ ಅಪಾರ ಬಂಡವಾಳ ಬೇಕಾಯಿತು. ಜರ್ಮನರ ತಂತಿಗೆ ಡಚ್ಚರ ಬೊಕ್ಕಸ ಏಕೆ ಬರಿದಾಗಬೇಕು ಎಂದು ಹೇಗ್ ನಗರದಲ್ಲಿ ಕೇಳತೊಡಗಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಜರ್ಮನ್ ಸರ್ಕಾರಕ್ಕೇ ಮಾರುವ ಮಾತುಕತೆ ಬರ್ಲಿನ್‌ನ ಬಜೆಟ್ ಬಿಕ್ಕಟ್ಟಿನಿಂದಾಗಿ 2024ರ ಜೂನ್‌ನಲ್ಲಿ ಮುರಿದುಬಿತ್ತು. ಮರುವರ್ಷ ಹಣ ಹಾಕಲು ಮುಂದೆ ಬಂದವರಲ್ಲಿ ಸಿಂಗಪುರದ ಜಿಐಸಿ ಮತ್ತು ನಾರ್ವೆಯ ಸರ್ಕಾರಿ ನಿಧಿಯನ್ನು ನೋಡಿಕೊಳ್ಳುವ ಸಂಸ್ಥೆ ಇದ್ದವು! ಒಂದು ಹೊರಗಿನ ಸರ್ಕಾರದ ಸಮಸ್ಯೆಗೆ ಇನ್ನೆರಡು ಹೊರಗಿನ ಸರ್ಕಾರಗಳ ದುಡ್ಡು.

ಒಡೆತನವನ್ನು ಹಂಚಿಕೊಳ್ಳುವ ಇನ್ನೊಂದು ಬಗೆಗೆ ನಾವು ದೂರ ಹೋಗಬೇಕಿಲ್ಲ, ಹೊಸಪೇಟೆಗೆ ಹೋದರೆ ಸಾಕು. ತುಂಗಭದ್ರಾ ಅಣೆಕಟ್ಟೆಯ ವಿದ್ಯುದಾಗಾರಗಳು ಕರ್ನಾಟಕದ ನೆಲದಲ್ಲಿದ್ದರೂ ಆಂಧ್ರಕ್ಕೂ ಅದರಲ್ಲಿ ಪಾಲಿದೆ. 1953ರ ಆಂಧ್ರ ರಾಜ್ಯ ಕಾಯ್ದೆಯಡಿ ಹುಟ್ಟಿದ ತುಂಗಭದ್ರಾ ಮಂಡಳಿಯಲ್ಲಿ ರಾಜ್ಯಗಳ ಪ್ರತಿನಿಧಿಗಳು ಕೂರುತ್ತಾರೆ, ಅಧ್ಯಕ್ಷರನ್ನು ಕೇಂದ್ರ ನೇಮಿಸುತ್ತದೆ. ಜಗಳವಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಜಗಳವಾಡಲು ಒಂದು ಮೇಜಿದೆ, ಆ ಮೇಜಿನಲ್ಲಿ ನೆಲದವರಿಗೂ ಕುರ್ಚಿಯಿದೆ. ಅವಿಸ್ಟಾಗೆ ಪ್ರತ್ಯೇಕ ಮಂಡಳಿ ಕೊಡುತ್ತೇವೆಂದ ಹೈಡ್ರೊ ಒನ್, ಟೊರಾಂಟೊದ ಮೇಜಿನ ಬಳಿ ಸ್ಪೋಕೇನ್‌ಗೆ ಅಂಥ ಕುರ್ಚಿ ಹಾಕಲು ಸಾಧ್ಯವಿರಲಿಲ್ಲ. ಒಂಟಾರಿಯೊ ಮತದಾರ ಅದನ್ನು ಒಪ್ಪುತ್ತಲೂ ಇರಲಿಲ್ಲ.

ಈ ಮೂರು ರಾಜ್ಯಗಳ ಕಾನೂನುಗಳು ಅಳೆಯುವುದು ಮೂರು ಬೇರೆ ಬೇರೆ ವಸ್ತುಗಳನ್ನು: ಐಡಾಹೊ ಒಡೆಯ ಸರ್ಕಾರವೋ ಅಲ್ಲವೋ ನೋಡುತ್ತದೆ, ಟೆಕ್ಸಸ್ ಯಾವ ದೇಶದವನು ಎಂದು ಕೇಳುತ್ತದೆ, ಮೇನ್ ಎಷ್ಟು ಶೇಕಡಾ ಎಂದು ಲೆಕ್ಕ ಹಾಕುತ್ತದೆ. ಆಡಳಿತ ಮಂಡಳಿಯನ್ನು ಕಿತ್ತುಹಾಕುವ ಶಕ್ತಿ ಯಾರಿಗಿದೆ, ಆ ಶಕ್ತಿಯನ್ನು ಬಳಸಿದವರನ್ನು ತಂತಿಯ ಗ್ರಾಹಕ ಯಾವ ಬಾಗಿಲಿನಲ್ಲಿ ಪ್ರಶ್ನಿಸಬಹುದು ಎಂಬ ಎರಡನ್ನು ನೇರವಾಗಿ ಕೇಳುವ ಕಾನೂನು ಈ ಮೂರರಲ್ಲಿ ಯಾವುದೂ ಅಲ್ಲ. ವಾಷಿಂಗ್ಟನ್‌ನ ಆಯೋಗ ಆ ಪ್ರಶ್ನೆಯ ಹತ್ತಿರಕ್ಕೆ ಬಂದದ್ದು ಕಾನೂನಿನ ಜಾಣ್ಮೆಯಿಂದಲ್ಲ. ವಿಚಾರಣೆ ನಡೆಯುತ್ತಿರುವಾಗಲೇ ಡಗ್ ಫೋರ್ಡ್ ಉತ್ತರವನ್ನು ತೋರಿಸಿಕೊಟ್ಟರು, ಅಷ್ಟೇ. ಚುನಾವಣೆ ಒಂದು ವರ್ಷ ತಡವಾಗಿದ್ದರೆ ಅವಿಸ್ಟಾ ಇಂದು ಬಹುಶಃ ಹೈಡ್ರೊ ಒನ್‌ನದಾಗಿರುತ್ತಿತ್ತು.

ಇದು ಮುಗಿದ ವಿಷಯವೂ ಅಲ್ಲ. ಗಾಳಿ, ಬಿಸಿಲು ಇರುವ ಕಡೆಯಿಂದ ಊರುಗಳಿರುವ ಕಡೆಗೆ ನೂರಾರು ಕಿಲೊಮೀಟರ್ ತಂತಿ ಎಳೆಯುವ ಕೆಲಸ ಅಮೆರಿಕದಲ್ಲಿ ಈಗ ಜೋರಾಗಿದೆ. ಅದಕ್ಕಾಗಿ ರಾಜ್ಯಗಳೇ ಪ್ರಸರಣ ಪ್ರಾಧಿಕಾರಗಳನ್ನು ಕಟ್ಟಿಕೊಂಡಿವೆ. 2007ರಲ್ಲಿ ನ್ಯೂ ಮೆಕ್ಸಿಕೊ ಅಂಥದೊಂದನ್ನು ಸ್ಥಾಪಿಸಿತು. ನ್ಯೂ ಮೆಕ್ಸಿಕೊದ ಗಾಳಿಯ ವಿದ್ಯುತ್ತನ್ನು ಅರಿಜೋನಾಗೆ ತಲುಪಿಸುವ, ಸುಮಾರು 885 ಕಿ.ಮೀ. ಉದ್ದದ ಸನ್‌ಜಿಯಾ ಮಾರ್ಗದ ಯೋಜನೆಯಲ್ಲಿ ಆ ಪ್ರಾಧಿಕಾರ ಪಾಲುದಾರ. ಅದನ್ನು ಕಟ್ಟಿದ ಪ್ಯಾಟರ್ನ್ ಎನರ್ಜಿಯನ್ನು 2020ರಲ್ಲಿ ಕೊಂಡದ್ದು ಕೆನಡಾದ ರಾಷ್ಟ್ರೀಯ ಪಿಂಚಣಿ ಹೂಡಿಕೆ ಮಂಡಳಿ. ಅಲ್ಲಿಗೆ ಒಂದು ನೆರೆರಾಜ್ಯದ ಸರ್ಕಾರಿ ಪ್ರಾಧಿಕಾರವೂ ಒಂದು ಪರದೇಶದ ಸರ್ಕಾರಿ ನಿಗಮವೂ ಒಂದೇ ಮಾರ್ಗದಲ್ಲಿ ಕೂಡಿಕೊಂಡವು. ಇದಕ್ಕೆ ಟೆಕ್ಸಸ್‌ನ ಅಳತೆ ಹಿಡಿದರೆ ಯಾವ ತಕರಾರೂ ಇಲ್ಲ, ಕೆನಡಾ ಪಟ್ಟಿಯಲ್ಲಿಲ್ಲ. ಮೇನ್‌ನ ಶೇ 5ರ ಗೆರೆಯನ್ನು ಹಿಡಿದರೆ ಬಹುಶಃ ಸಿಕ್ಕಿಬೀಳುತ್ತದೆ. ಐಡಾಹೊದ ಕಾನೂನು ಹಳೆಯ ಕಂಪನಿಗಳ ಆಸ್ತಿ ಕೈಬದಲಾಗುವುದನ್ನು ತಡೆಯಲು ಬರೆದದ್ದು. ಹೊಸದಾಗಿ ನೆಟ್ಟ ಟವರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.